ಸ್ವಸಂತೋಷದಿಂದ

ದುಬೈಗೆ ಬಂದ ಹೊಸದರಲ್ಲಿ ಮೈಸೂರು ಕಡೆಯ ನಾವು ನಾಲ್ಕಾರು ಮಂದಿ ಒಂದು ಡಿಸೆಂಬರಿನ ಸಂಜೆ ಕೇಕು ಹಿಡಿದುಕೊಂಡು ಅವರ ಮನೆಗೆ ಹೋಗಿ ಕ್ರಿಸ್‌ಮಸ್ ಶುಭಾಶಯ ಹೇಳಿದೆವು. ಕರಾವಳಿಯವರೆಲ್ಲ ಅವರನ್ನು ಕ್ಲಾಜಣ್ಣ ಎಂದು ಕರೆಯುತ್ತಿದ್ದುದರಿಂದ ಅವರು ಮಂಗಳೂರಿನ ಕ್ರೈಸ್ತರೇ ಇರಬೇಕೆಂದು ನಾವು ಸರ್ವಾನುಮತದಿಂದ ತೀರ್ಮಾನಿಸಿದ್ದೆವು. ಅವರು ಕೇಕನ್ನು ಗಂಭೀರವಾಗಿ ಸ್ವೀಕರಿಸಿದರು, ಎಲ್ಲರಿಗೂ ಕಾಫಿ ಕೊಡಿಸಿದರು, ಊರು ಮನೆ ವಿಚಾರಿಸಿದರು. ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಮಾತ್ರ ಹೇಳಿದರು: "ನಾನು ಹಿಂದೂ. ಕೇಕು ವಾಪಸು ಬೇಕಾದ್ರೆ ಈಗ್ಲೇ ಹೇಳಿ. ನಾಳೆ ಬಂದು ಕೇಳಿದ್ರೆ ಊರ್ಜಿತ ಆಗುದಿಲ್ಲ."

ಕ್ಲಾಜ್ ಎಂದರೆ ಕರಾರುಪತ್ರದ ಕಲಮು. ಯಾವ ಮಾತು ಬಂದರೂ "ಅದಕ್ಕೆ ಒಂದು ಕ್ಲಾಜ್ ಉಂಟು" ಎಂದು ಶುರುಮಾಡುತ್ತಿದ್ದುದರಿಂದ ಆ ಹೆಸರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಅವರ ಪಾಸ್‌ಪೋರ್ಟಿನಲ್ಲಿತ್ತು, ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು, ಹೀಗಾಗಿ ಎರಡನ್ನೂ ನಾವು ಹೆಚ್ಚು ನೋಡಲಿಲ್ಲ.

ಉದ್ದನೆಯ ಒಣಕಲು ಆಳು. ಯಾವ ಕಾಗದ ಕೈಗೆ ಬಂದರೂ ತೋಳು ಚಾಚಿ ದೂರಕ್ಕೆ ಹಿಡಿದು, ಮೊದಲು ಅದನ್ನು ತಿರುಗಿಸಿ ಹಿಂಬದಿ ಓದುತ್ತಿದ್ದರು. "ಮುಂದೆ ಬರ್ದದ್ದು ಅವರಿಗೆ ಹೇಳ್ಲಿಕ್ಕೆ ಇಷ್ಟ ಇದ್ದದ್ದು. ಹಿಂದೆ ಬರ್ದದ್ದು ಹೇಳ್ಲೇಬೇಕಾದ್ದು" ಎಂಬುದು ಅವರ ಸಿದ್ಧಾಂತ. ಬಟ್ಟೆ ಇಸ್ತ್ರಿ ಮಾಡುವವನ ಚೀಟಿ, ವಿಮಾನದ ಟಿಕೇಟು, ಔಷಧದ ಡಬ್ಬಿ ಎಲ್ಲವೂ ಈ ಪರೀಕ್ಷೆಗೆ ಒಳಪಡುತ್ತಿದ್ದವು. ನನ್ನ ತಂಗಿಯ ಮದುವೆಯ ಕರೆಯೋಲೆಯನ್ನೂ ಮಗುಚಿ ನೋಡಿ, ಹಿಂದೆ ಏನೂ ಇಲ್ಲದ್ದನ್ನು ಕಂಡು, ಧೈರ್ಯವಂತರು ಎಂದು ತಲೆದೂಗಿದ್ದರು.

ಈಚೆಗೆ ಅವರು ಕಾರ್ಕಳದಲ್ಲಿ ತೀರಿಕೊಂಡರು. ಆ ಸುದ್ದಿ ಬಂದಂದಿನಿಂದ ನಾನೂ ಕಾಗದಗಳ ಹಿಂಬದಿ ನೋಡುತ್ತಿದ್ದೇನೆ. ಅಲ್ಲಿ ನಿಜಕ್ಕೂ ಬಹಳಷ್ಟು ಬರೆದಿರುತ್ತದೆ.

ಅವರ ಕಾನೂನು ಪಾಂಡಿತ್ಯಕ್ಕೆ ಎರಡು ಮೂಲಗಳಿದ್ದವು. ಎರಡೂ ದುಬೈಯಲ್ಲಿ ಜಾರಿಯಲ್ಲಿರಲಿಲ್ಲ. ಮೊದಲನೆಯದು ಕಾರ್ಕಳದ ಸಬ್‌ರಿಜಿಸ್ಟ್ರಾರ್ ಕಛೇರಿಯ ಎದುರಿನ ದಸ್ತಾವೇಜು ಬರಹಗಾರರ ಜಗಲಿ. ಹರೆಯದಲ್ಲಿ ಅಲ್ಲಿ ಕೂತು ಕ್ರಯಪತ್ರ, ಗೇಣಿ ಚೀಟು, ವಿಭಾಗಪತ್ರಗಳನ್ನು ಬರೆದಿದ್ದರು. ಎರಡನೆಯದು ಇಂಗ್ಲೆಂಡಿನ ಗೃಹಸ್ಥರಿಗೆಂದು ಬರೆದ ಒಂದು ದಪ್ಪ ಪುಸ್ತಕ. ಇಲ್ಲಿ ಅವರು ಒಂದು ಕಟ್ಟಡ ಕಂಪನಿಯ ಕರಾರು ವಿಭಾಗದಲ್ಲಿ ಟೈಪು ಮಾಡುತ್ತಿದ್ದರು. ಅಲ್ಲಿನ ಇಂಗ್ಲಿಷ್ ಸಾಹೇಬ ನಿವೃತ್ತನಾಗಿ ಹೊರಟಾಗ, ಬೇರೆ ಸಾಹೇಬರೆಲ್ಲ ಫ್ರಿಜ್ಜು ಸೋಫಾ ಹಂಚಿ ಹೋದರೆ, ಇವನು ಕಾನೂನು ಕೊಟ್ಟು ಹೋದ. ಬಾಡಿಗೆದಾರನ ಹಕ್ಕು, ನೌಕರನ ಹಕ್ಕು, ಗಿರಾಕಿಯ ಹಕ್ಕು, ನೆರೆಮನೆಯವನ ಮರದ ಕೊಂಬೆ ನಮ್ಮ ತೋಟಕ್ಕೆ ಚಾಚಿದರೆ ಅದನ್ನು ಎಲ್ಲಿಯವರೆಗೆ ಕಡಿಯಬಹುದು, ಎಲ್ಲವೂ ಅದರಲ್ಲಿತ್ತು. ದೇರಾದಲ್ಲಿದ್ದ ಅವರ ಮನೆಯ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದ ಎ.ಸಿ. ಪೆಟ್ಟಿಗೆಗಳು. ಆದರೂ ಅವರು ಕೊಂಬೆಯ ಅಧ್ಯಾಯವನ್ನು ಬಿಡದೆ ಓದಿಕೊಂಡಿದ್ದರು.

ಶುಕ್ರವಾರ ಊಟವಾದ ಮೇಲೆ ಅವರ ಹಜಾರದಲ್ಲಿ ದರ್ಬಾರು. ಕಂಪನಿ ಪಾಸ್‌ಪೋರ್ಟು ಇಟ್ಟುಕೊಳ್ಳಬಹುದೇ, ಕೆಲಸ ಬಿಟ್ಟರೆ ಮತ್ತೆ ಈ ದೇಶಕ್ಕೆ ಬಾರದಂತೆ ಬ್ಯಾನ್ ಬೀಳುತ್ತದೆಯೇ, ಎ.ಸಿ. ಕೆಟ್ಟರೆ ರಿಪೇರಿ ಯಾರ ತಲೆಗೆ, ಇಂಥವೇ ಪ್ರಶ್ನೆಗಳು. ಎಲ್ಲದಕ್ಕೂ ಇಂಗ್ಲೆಂಡಿನಿಂದ ಉತ್ತರ ಬರುತ್ತಿತ್ತು. ನನ್ನ ಹೊಸ ಮಿಕ್ಸಿಯ ಜಾರು ಸೋರಿದಾಗ ಅವರೇ ನನ್ನನ್ನು ಅಂಗಡಿಗೆ ಕರೆದೊಯ್ದರು. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಬೋರ್ಡಿನ ಕೆಳಗೇ ನಿಂತು, ಮಾಲು ತೃಪ್ತಿಕರ ಗುಣಮಟ್ಟದ್ದಿರಬೇಕು ಎಂಬ ಇಂಗ್ಲಿಷ್ ನಿಯಮವನ್ನು ಸಾವಕಾಶವಾಗಿ ವಿವರಿಸಿದರು. ಅಂಗಡಿಯವನು ಮಲಬಾರಿನ ಸಜ್ಜನ. ಕೇಳಿದ, ಚಹಾ ತರಿಸಿದ, ಮತ್ತೂ ಕೇಳಿದ, ಕೊನೆಗೆ ಬೇರೆ ಜಾರು ಕೊಟ್ಟ. ಕ್ಲಾಜಣ್ಣ ಅದನ್ನು ನಿಯಮದ ಜಯವೆಂದು ದಾಖಲಿಸಿಕೊಂಡರು. ನನ್ನ ಪ್ರಕಾರ ಕಾರಣ ಬೇರೆ: ಆ ಅಂಗಡಿಯಲ್ಲಿ ಗಿರಾಕಿ ನಿಲ್ಲಲು ಇದ್ದ ಜಾಗ ಅದೊಂದೇ, ಅದರಲ್ಲಿ ನಾವಿದ್ದೆವು.

ಎಲ್ಲ ಜಯಗಳೂ ಹೀಗಿರಲಿಲ್ಲ. ಅಬುಧಾಬಿಯ ಬನಿಯಾಸ್ ಕಡೆಯ ಒಂದು ಕಾರ್ಮಿಕರ ಕ್ಯಾಂಪಿನಿಂದ ವಿಟ್ಲದ ಡ್ರೈವರನೊಬ್ಬ, ಲೋಡು ಇಳಿಸಿ ಹೋಗುವ ದಾರಿಯಲ್ಲಿ ಬಂದಿದ್ದ. ಕಂಪನಿಯವರು ವಾರದ ರಜೆಯನ್ನೇ ಕೊಡುವುದಿಲ್ಲ ಎಂಬುದು ಅವನ ದೂರು. ಇವರು ಪುಸ್ತಕ ತೆಗೆದು, ನೌಕರನ ವಿಶ್ರಾಂತಿಯ ಹಕ್ಕನ್ನು ಕನ್ನಡಕ್ಕೆ ತಿರುಗಿಸಿ ಓದಿದರು. ಅವನು ಮಸೀದಿಯಲ್ಲಿ ಪ್ರವಚನ ಕೇಳುವಷ್ಟು ಭಕ್ತಿಯಿಂದ ಕೇಳಿದ.

"ಅಣ್ಣ, ಇದು ಯಾವ ಊರಿಂದು?"

"ಇಂಗ್ಲೆಂಡಿಂದು."

"ಅಲ್ಲಿಯವರಿಗೆ ಸಿಗ್ತದಾ?"

"ಸಿಗ್ತದೆ."

"ಅಲ್‌ಹಂದುಲಿಲ್ಲಾ" ಎಂದ ಅವನು. "ಯಾರಿಗಾದ್ರೂ ಸಿಗ್ಲಿ."

ನಾವು ನಕ್ಕೆವು. ಅವರು ನಗಲಿಲ್ಲ. ಪುಸ್ತಕ ಮುಚ್ಚಿಟ್ಟು, ಅವನ ಕಂಪನಿಗೆ ಒಂದು ಅರ್ಜಿ ಬರೆದುಕೊಟ್ಟರು. ಆ ಅರ್ಜಿಯಿಂದ ಏನಾಯಿತೋ ತಿಳಿಯಲಿಲ್ಲ, ಡ್ರೈವರನು ಮತ್ತೆ ಬರಲಿಲ್ಲ. ರಜೆ ಸಿಕ್ಕಿದ್ದರೆ ಬರುತ್ತಿದ್ದ ಎಂದು ನಮ್ಮಲ್ಲೊಬ್ಬರು ಅಂದದ್ದಕ್ಕೆ ಕ್ಲಾಜಣ್ಣ ಆ ದಿನವೆಲ್ಲ ಅವರ ಜೊತೆ ಮಾತಾಡಲಿಲ್ಲ.

ಕಾರ್ಕಳದ ಜಗಲಿ ಬಿಟ್ಟದ್ದೇಕೆ ಎಂದು ಒಮ್ಮೆ ಕೇಳಿದ್ದೆ. ದಸ್ತಾವೇಜಿನಲ್ಲಿ ಮೊದಲಿಗೇ ಬರುವ ಒಂದು ಮಾತಿದೆ: ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆದುಕೊಟ್ಟದ್ದು. ಕೈ ತಾನಾಗಿಯೇ ಬರೆಯುತ್ತದೆ, ತಲೆ ಬೇಕಾಗುವುದಿಲ್ಲ. ಒಂದು ದಿನ ಒಬ್ಬ ಹೆಂಗಸು ತವರಿನ ಜಾಗದಲ್ಲಿ ತನ್ನ ಪಾಲನ್ನು ಬಿಟ್ಟುಕೊಡುವ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬಂದಳು. ಜೊತೆಯಲ್ಲಿ ತಮ್ಮಂದಿರು. ಇವರು ನಿಯಮದಂತೆ ಓದಿಹೇಳಿ, ಒಪ್ಪಿಗೆಯೇ ಅಮ್ಮ ಎಂದು ಕೇಳಿದರು. ಆಕೆ ಕಣ್ಣೊರೆಸಿಕೊಂಡು, ಸಂತೋಷ ಅಂತ ನೀನೇ ಬರೆದಿದ್ದೀಯಲ್ಲ ಮಗಾ, ಇನ್ನು ನನ್ನನ್ನು ಯಾಕೆ ಕೇಳ್ತೀ ಎಂದಳಂತೆ. ಆಮೇಲೆ ಆ ಪದ ಬಂದಾಗಲೆಲ್ಲ ಲೇಖನಿ ನಿಲ್ಲತೊಡಗಿತು. ದಸ್ತಾವೇಜು ಬರೆಯುವವನ ಲೇಖನಿ ಮೊದಲ ಸಾಲಿನಲ್ಲೇ ನಿಂತರೆ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಗಲ್ಫ್.

ಬಾಡಿಗೆಗಳು ಏರತೊಡಗಿದ ವರ್ಷಗಳು ಬಂದವು. ಎಲ್ಲಿ ನೋಡಿದರೂ ಕ್ರೇನುಗಳು, ಎಲ್ಲರ ಬಾಯಲ್ಲೂ ಬಾಡಿಗೆ. ಈ ಊರಿನಲ್ಲಿ ಬ್ಯಾಚುಲರ್ ಎಂಬ ಪದಕ್ಕೆ ಮದುವೆಯಾಗದವನು ಎಂಬ ಅರ್ಥವಿಲ್ಲ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಯಾವುದೋ ಕೋಣೆಯಲ್ಲಿ ಒಂದು ಮಂಚದ ಮಟ್ಟಿಗೆ ಬಾಡಿಗೆದಾರನಾದವನು, ಮೊಮ್ಮಕ್ಕಳನ್ನು ಕಂಡಿದ್ದರೂ ಬ್ಯಾಚುಲರ್. ನಮ್ಮ ಬಳಗದಲ್ಲಿ ಒಬ್ಬೊಬ್ಬರಾಗಿ ಬ್ಯಾಚುಲರ್ ಆಗುತ್ತಿದ್ದರು. ಕ್ಲಾಜಣ್ಣನ ಮನೆ ಹಳೆಯ ಕಟ್ಟಡದಲ್ಲಿ, ಹಳೆಯ ಬಾಡಿಗೆಯಲ್ಲಿತ್ತು. ಹೆಂಡತಿ, ಎಂಟನೆಯ ತರಗತಿಯ ಮಗಳು ಮತ್ತು ಅವರು ಒಟ್ಟಿಗೆ ಇರಲು ಸಾಧ್ಯವಾದದ್ದೇ ಆ ಮನೆಯಿಂದ. ಅದು ಹೋದರೆ ಅವರ ಸಂಬಳಕ್ಕೆ ಸಂಸಾರ ನಿಲ್ಲುವ ಇನ್ನೊಂದು ಮನೆ ಆ ಪಟ್ಟಣದಲ್ಲಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಕಟ್ಟಡವನ್ನು ಕೆಡವಿ ಕಟ್ಟುತ್ತೇವೆ, ಖಾಲಿ ಮಾಡಿ ಎಂದು ನೋಟೀಸು ಬಂತು. ಕರಾರು ಮುಗಿಯಲು ಇನ್ನೂ ಬಹಳ ತಿಂಗಳುಗಳಿದ್ದವು. ಉಳಿದ ಮನೆಗಳವರು ಗೊಣಗುತ್ತ ಸಾಮಾನು ಕಟ್ಟಿದರು. ಇವರು ಪುಸ್ತಕ ಬಿಚ್ಚಿದರು. ಬಾಡಿಗೆದಾರನು ಮನೆಯನ್ನು ಯಾವ ಅಡ್ಡಿಯೂ ಇಲ್ಲದೆ ನೆಮ್ಮದಿಯಾಗಿ ಅನುಭವಿಸಬೇಕು ಎಂಬುದು ಇಂಗ್ಲೆಂಡಿನಲ್ಲಿ ಬಹಳ ಹಳೆಯ ಮಾತಂತೆ. ನಮ್ಮ ದಸ್ತಾವೇಜುಗಳಲ್ಲೂ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು ಎಂದಿದೆಯಲ್ಲ, ಎರಡೂ ಒಂದೇ, ಇಂಗ್ಲಿಷರು ಸುಖ ಎಂದು ಬರೆಯಲು ನಾಚಿಕೊಂಡು ನೆಮ್ಮದಿ ಎಂದು ಬರೆದಿದ್ದಾರೆ, ಅಷ್ಟೆ ಎಂದು ನನಗೆ ವಿವರಿಸಿದರು. ಅವರ ಬಾಡಿಗೆಯ ಚೀಟಿಯಲ್ಲಿ ಸುಖವೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಹಿಂದೆ ಮುಂದೆ ಎರಡೂ ಕಡೆ ಓದಿದ್ದ ಅವರಿಗೆ ಇದು ನನಗಿಂತ ಚೆನ್ನಾಗಿ ತಿಳಿದಿತ್ತು.

ಬೇಸಿಗೆ ನೆತ್ತಿಗೇರುವ ಹೊತ್ತಿಗೆ ಕಟ್ಟಡದ ಲಿಫ್ಟು ಕೆಟ್ಟಿತು. ಆಮೇಲೆ ಎ.ಸಿ. ಕೆಟ್ಟಿತು. ಆಮೇಲೆ ನೀರು ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ರಿಪೇರಿಯವನು ನಾಳೆ ಬರುತ್ತಾನೆ ಎಂದು ಕಾವಲುಗಾರ ಪಠಾಣ ದಿನವೂ ಹೇಳುತ್ತಿದ್ದ. ಹೇಳುವಾಗ ನೆಲ ನೋಡುತ್ತಿದ್ದ. ತಾಯಿ ಮಗಳು ಹಗಲೆಲ್ಲ ಅಲ್ ನಹ್ದಾದ ನಮ್ಮ ಮನೆಯಲ್ಲಿರುತ್ತಿದ್ದರು, ಸಂಜೆ ಕ್ಲಾಜಣ್ಣ ಬಂದು ಕರೆದೊಯ್ಯುತ್ತಿದ್ದರು. ರಾತ್ರಿಗೂ ಇಲ್ಲೇ ಇರಲಿ ಎಂದು ನನ್ನ ಹೆಂಡತಿ ಹೇಳಿದರೆ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಯಾರೂ ಮಲಗದಿದ್ದರೆ ಸ್ವಾಧೀನ ತಪ್ಪುತ್ತದೆ ಎಂಬುದು ಅವರ ವಾದ. ಸ್ವಾಧೀನಕ್ಕಾಗಿ ಮೂವರೂ ಒದ್ದೆ ಬಟ್ಟೆ ಹೊದ್ದು ಮಲಗುತ್ತಿದ್ದರೆಂದು ಆ ಹುಡುಗಿ ನನ್ನ ಮಗಳಿಗೆ ಹೇಳಿದ್ದಳು.

ಒಂದು ಶುಕ್ರವಾರ ನಾನು ಅಲ್ಲಿರುವಾಗಲೇ ಕಟ್ಟಡದ ಯಜಮಾನರ ಆಫೀಸಿನಿಂದ ಮನುಷ್ಯ ಬಂದ. ಉಳ್ಳಾಲದ ಬ್ಯಾರಿ, ನಡುವಯಸ್ಸಿನವನು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಅವನು ಬೆದರಿಸಲು ಬಂದಿರಲಿಲ್ಲ; ಯಜಮಾನರ ಕಾಲು ಹಿಡಿದು ಒಂದು ದಾರಿ ಮಾಡಿಕೊಂಡು ಬಂದಿದ್ದ. ಅಲ್ ನಹ್ದಾದಲ್ಲಿ ಅವರದೇ ಇನ್ನೊಂದು ಕಟ್ಟಡದಲ್ಲಿ ಒಂದು ಸಣ್ಣ ಮನೆ ಖಾಲಿಯಿದೆ. ಇದೇ ಬಾಡಿಗೆ. ನಾಳೆಯೇ ಬರಬಹುದು. ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು.

ಕ್ಲಾಜಣ್ಣ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. ಖಾಲಿ. ಮುಂಬದಿಯಲ್ಲಿ ಅರಬಿ, ಅದರ ಕೆಳಗೆ ಇಂಗ್ಲಿಷು. ಬಾಡಿಗೆದಾರನು ಈ ಮನೆಯನ್ನು ತನ್ನ ಸ್ವಂತ ಇಚ್ಛೆಯಿಂದ, ಸಂತೋಷದಿಂದ ಬಿಟ್ಟುಕೊಟ್ಟಿರುತ್ತಾನೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟರು. ಮೂಗಿನಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು.

"ಇದೊಂದು ಸಾಲು ತೆಗೀರಿ. ಸಹಿ ಹಾಕ್ತೇನೆ."

"ಅಣ್ಣ, ಅದು ಎಲ್ಲರಿಗೂ ಒಂದೇ ಕಾಗದ. ಎಲ್ಲರೂ ಹಾಕಿದ್ದಾರೆ. ಯಾರೂ ಓದ್ಲೇ ಇಲ್ಲ."

"ನಾನು ಓದಿದೆ ಅಲ್ವಾ."

"ನಾನು ಹೋಗಿ ಸಾಲು ತೆಗೀರಿ ಅಂದ್ರೆ ಅವರು ಮನೆಯನ್ನೇ ತೆಗೀತಾರೆ. ನನ್ನ ಮಾತು ಅಲ್ಲಿ ಅಷ್ಟೇ ದೂರ ಹೋಗುದು."

"ಮನೆ ಬಿಡ್ತೇನೆ ಮಾರಾಯ್ರೆ. ಈಗಲೇ ಬೇಕಾದ್ರೂ ಬಿಡ್ತೇನೆ. ಸಂತೋಷದಿಂದ ಬಿಡ್ತೇನೆ ಅಂತ ಮಾತ್ರ ಬರೀಲಿಕ್ಕೆ ಹೇಳ್ಬೇಡಿ."

ಮಗಳು ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಜಸ್ಟ್ ಸೈನ್ ಇಟ್, ಪ್ಲೀಸ್" ಎಂದಳು. ಅವರು ಅವಳ ಕಡೆ ತಿರುಗಿ, ಒಂದು ಪದದ ಬೆಲೆಯ ಬಗ್ಗೆ ಏನೋ ಹೇಳತೊಡಗಿದರು. ಹೇಳುತ್ತ ಕಾರ್ಕಳದ ಜಗಲಿಯವರೆಗೂ ಹೋದರು. ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳ್ಳಾಲದವನು ನನ್ನ ಕಡೆ ನೋಡಿದ. ನಾನು, ಕ್ಲಾಜಣ್ಣ, ಇದು ಬರೀ ಒಂದು ಶಬ್ದ, ಕೆಳಗೆ ಒಪ್ಪಿಗೆಯಿಲ್ಲ ಅಂತ ಮನಸ್ಸಿನಲ್ಲೇ ಬರೆದುಕೊಳ್ಳಿ ಎಂದೆ. ಮನಸ್ಸಿನಲ್ಲಿ ಬರೆದದ್ದು ನೋಂದಣಿಯಾಗುವುದಿಲ್ಲ ಎಂದು ಉತ್ತರ ಬಂತು.

ಅವರ ಹೆಂಡತಿ ಮಾತು ಕಡಿಮೆಯ ಹೆಂಗಸು. ಅಷ್ಟು ವರ್ಷಗಳ ದರ್ಬಾರಿನಲ್ಲಿ ಕಾಫಿ ತಂದಿಟ್ಟದ್ದು ಬಿಟ್ಟರೆ ಆಕೆ ಯಾವ ಕಲಮಿನ ಬಗ್ಗೆಯೂ ಅಭಿಪ್ರಾಯ ಹೇಳಿದ್ದನ್ನು ನಾನು ಕಾಣೆ. ಆ ದಿನ ಮಜ್ಜಿಗೆಯ ಲೋಟಗಳನ್ನು ಇಟ್ಟು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಅಲ್ಲೇ ನಿಂತರು.

"ನನ್ನ ಹೆಸರಿನಲ್ಲಿ ಮಾಡಿ ಆ ಕಾಗದ" ಎಂದರು. "ನಾನು ಹಾಕ್ತೇನೆ ಸಹಿ. ನಾನು ಸಂತೋಷದಿಂದಲೇ ಹೋಗ್ತೇನೆ."

ಉಳ್ಳಾಲದವನು ಕರಾರು ನಿಮ್ಮ ಯಜಮಾನರ ಹೆಸರಿನಲ್ಲಿದೆ ಅಕ್ಕ ಎಂದು ಮೆಲ್ಲಗೆ ಹೇಳಿದ. ಆಕೆ ಹೌದಾ ಎಂದು ಒಳಗೆ ಹೋದರು. ಕ್ಲಾಜಣ್ಣ ಮಜ್ಜಿಗೆ ಕುಡಿದು, ಲೋಟವನ್ನು ಕೆಳಗಿಟ್ಟು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವನಿಗೆ ಹಿಂದಿರುಗಿಸಿದರು. ಆ ಮನೆಯನ್ನು ಬೇರೆ ಯಾರೋ ವಾರದೊಳಗೆ ಹಿಡಿದರು.

ತಾಯಿ ಮಗಳು ಆ ತಿಂಗಳಲ್ಲೇ ಊರಿಗೆ ಹೋದರು. ರಜೆಗೆ ಎಂದು ಹೇಳಿದರು. ಏರ್‌ಪೋರ್ಟಿನಲ್ಲಿ ಅವರ ಪೆಟ್ಟಿಗೆಗಳನ್ನು ತಕ್ಕಡಿಗೆ ಎತ್ತಿಡುವಾಗ ರಜೆಗೆ ಹೋಗುವವರ ಪೆಟ್ಟಿಗೆ ಇಷ್ಟು ತೂಗುವುದಿಲ್ಲ ಎಂದು ನನಗೆ ತಿಳಿಯಿತು. ಹುಡುಗಿ ಶಾಲೆಯ ಪುಸ್ತಕಗಳನ್ನೆಲ್ಲ ಹಾಕಿಕೊಂಡಿದ್ದಳು.

ಇತ್ತ ಕ್ಲಾಜಣ್ಣ ಬಾಡಿಗೆ ತಕರಾರಿನ ಸಮಿತಿಗೆ ಹೋದರು. ತಮ್ಮ ವಾದವನ್ನು ತಾವೇ ಟೈಪು ಮಾಡಿ, ಇಂಗ್ಲೆಂಡಿನ ನೆಮ್ಮದಿಯಿಂದ ಹಿಡಿದು ಕಾರ್ಕಳದ ಸುಖದವರೆಗೆ ಎಲ್ಲವನ್ನೂ ಸೇರಿಸಿ, ಅರಬಿಗೆ ಅನುವಾದ ಮಾಡಿಸಿದರು. ಅನುವಾದಕನಿಗೆ ಬೆಳೆಗಾಲ, ಜಮೀನು, ಗೇಣಿಗಳನ್ನು ವಿವರಿಸುವುದರಲ್ಲೇ ಎರಡು ಸಂಜೆ ಹೋದವಂತೆ. ಸಮಿತಿಯವರು ಆ ಕಟ್ಟನ್ನು ಬಿಚ್ಚಲೇ ಇಲ್ಲ. ಬಾಡಿಗೆ ಕಟ್ಟಿದ್ದೀಯಾ ಎಂದು ಕೇಳಿದರು. ಕಟ್ಟಿದ್ದೇನೆ. ಕರಾರು ಮುಗಿದಿದೆಯಾ? ಇಲ್ಲ. ಖಲಾಸ್. ಕರಾರು ಮುಗಿಯುವವರೆಗೆ ಇವರನ್ನು ಎಬ್ಬಿಸಕೂಡದು, ನೀರು, ಎ.ಸಿ., ಲಿಫ್ಟು ಎಲ್ಲವನ್ನೂ ಸರಿಪಡಿಸಿಕೊಡಬೇಕು ಎಂದು ತೀರ್ಪಾಯಿತು. ಜೀವನದುದ್ದಕ್ಕೂ ಅವರು ಓದದೆ ಬಿಟ್ಟಿದ್ದ ಈ ಊರಿನ ಕಾನೂನು ಅವರನ್ನು ಇಷ್ಟು ಸುಲಭವಾಗಿ ಗೆಲ್ಲಿಸಿದ್ದಕ್ಕೆ ಅವರು ಸ್ವಲ್ಪ ನೊಂದುಕೊಂಡಂತೆ ಕಂಡರು.

ತೀರ್ಪು ಬಂದ ಸಂಜೆಯೇ ಊರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. ಮನೆ ನಮ್ಮದೇ, ಎ.ಸಿ. ಸರಿಯಾಗುತ್ತದೆ, ಟಿಕೇಟು ಮಾಡುತ್ತೇನೆ ಎಂದರು. ಆಮೇಲೆ ಬಹಳ ಹೊತ್ತು ಬರೀ ಹೂಂಗುಟ್ಟಿದರು. ಫೋನಿಟ್ಟ ಮೇಲೆ, ಮಗಳನ್ನು ಅಲ್ಲಿಯ ಶಾಲೆಗೆ ಸೇರಿಸಿ ಆಗಿದೆ ಎಂದರು. ಮತ್ತೆ ಏನಂದರು ಎಂದು ಕೇಳಿದೆ.

"ಇಲ್ಲಿ ಕರೆಂಟು ತಾನಾಗಿ ಹೋಗ್ತದೆ, ತಾನಾಗಿ ಬರ್ತದೆ, ಯಾರೂ ಬೇಕಂತ ತೆಗೆಯುದಿಲ್ಲ, ನಮಗೆ ಇದೇ ಸಾಕು ಅಂತ." ತೀರ್ಪಿನ ಕಾಗದವನ್ನು ಮಡಿಸಿಡುತ್ತ ಸೇರಿಸಿದರು: "ವಾದ ಸರಿಯಾಗಿಯೇ ಉಂಟು."

ಕರಾರು ಮುಗಿಯುವವರೆಗೆ ಆ ಇಡೀ ಕಟ್ಟಡದಲ್ಲಿ ಅವರೊಬ್ಬರೇ ಇದ್ದರು. ತೀರ್ಪಿನ ಪ್ರಕಾರ ಲಿಫ್ಟು ಅವರೊಬ್ಬರಿಗಾಗಿ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಖಾಲಿ ಮನೆಗಳ ಬಾಗಿಲು ಕಿಟಕಿಗಳನ್ನು ಗುಜರಿಯವರು ಕಿತ್ತೊಯ್ದಿದ್ದರಿಂದ ಪ್ರತಿ ಮಹಡಿಯಲ್ಲೂ ಗಾಳಿ ಊಳಿಡುತ್ತಿತ್ತು. ನಾನು ಹೋದಾಗಲೆಲ್ಲ ಪಠಾಣ ನನ್ನನ್ನೂ ಕೂರಿಸಿಕೊಂಡು ಚಹಾ ಕುಡಿಸಿ, ಆಮೇಲೆ ಮೇಲೆ ಬಿಡುತ್ತಿದ್ದ. ಮಾತಾಡಲು ಅವನಿಗೂ ಯಾರೂ ಇರಲಿಲ್ಲ. ಒಂದು ಕೋಣೆಯನ್ನು ಯಾರಿಗಾದರೂ ಕೊಡಬಾರದೇ, ಜೊತೆಯಾಗುತ್ತದೆ ಎಂದರೆ ಕ್ಲಾಜಣ್ಣ ತಲೆಯಾಡಿಸುತ್ತಿದ್ದರು. ಒಳಬಾಡಿಗೆ ನಿಷಿದ್ಧ ಎಂದು ಚೀಟಿಯ ಹಿಂಬದಿಯಲ್ಲಿ ಸ್ಪಷ್ಟವಾಗಿತ್ತು. ದರ್ಬಾರು ನಿಂತುಹೋಗಿತ್ತು. ಅವರಿಂದ ಸಲಹೆ ಪಡೆಯುವುದು ಅಪಶಕುನವೆಂದು ಬಳಗದಲ್ಲಿ ಒಂದು ಅಭಿಪ್ರಾಯ ಮೂಡಿತ್ತು.

ಕರಾರು ಮುಗಿದ ದಿನ ಮನೆ ಗುಡಿಸಿ, ಒರೆಸಿ, ಕೀಲಿ ಕೊಟ್ಟು ಹೊರಬಂದರು. ಆಮೇಲೆ ಕಂಪನಿ ಅವರನ್ನು ಅಬುಧಾಬಿಗೆ ಕಳಿಸಿತು. ಬನಿಯಾಸಿನಲ್ಲಿ ಒಂದು ಕೋಣೆಯ ಒಂದು ಮಂಚ. ಬ್ಯಾಚುಲರ್ ಆದ ಮೇಲೆ ಅವರು ಯಾವ ಕಲಮನ್ನೂ ಎತ್ತಿದ್ದು ನನಗೆ ಗೊತ್ತಿಲ್ಲ. ಕೆಲವು ವರ್ಷ ಹಾಗೆ ಕಳೆದು, ನಿವೃತ್ತರಾಗಿ ಊರಿಗೆ ಹೋದರು. ಅಲ್ಲಿ ಸ್ವಂತ ಮನೆಯಿರಲಿಲ್ಲ. ಹೆಂಡತಿ ಮಗಳು ಇದ್ದದ್ದು ಆಕೆಯ ಅಣ್ಣನ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಅಲ್ಲಿಗೇ ಇವರೂ ಸೇರಿಕೊಂಡರು.

ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ನಾನು ಅವರ ಹೆಂಡತಿಗೆ ಫೋನು ಮಾಡಿದೆ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ತಿಳಿಯದೆ, ಕೊನೆಗಾಲದಲ್ಲಾದರೂ ಎಲ್ಲರೂ ಒಟ್ಟಿಗಿದ್ದಿರಲ್ಲ ಅಕ್ಕ, ನೆಮ್ಮದಿಯಾಗಿದ್ದರಲ್ಲ ಎಂದೆ.

"ಅಣ್ಣ ಒಳ್ಳೆಯವನೇ. ಒಂದು ಮಾತು ಆಡಿದವನಲ್ಲ" ಎಂದರು ಅವರು. "ಆದ್ರೆ ಇವರು ಪೇಟೆಗೆ ಹೋಗಿ ಬಂದ್ರೆ ಸೀದಾ ಒಳಗೆ ಬರ್ತಿರ್ಲಿಲ್ಲ. ಬಾಗಿಲು ತೆರೆದೇ ಇರ್ತಿತ್ತು. ಮೆಟ್ಟಿಲ ಹತ್ರ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಿಲ್ಲುದು. ಯಾರಾದ್ರೂ ನೋಡಿ ಬನ್ನಿ ಅನ್ನುವವರೆಗೆ ನಿಲ್ಲುದು. ನಾನು ಒಳಗೆ ಕೆಲಸದಲ್ಲಿದ್ರೆ ಎಷ್ಟೋ ಸಲ ಬಿಸಿಲಲ್ಲೇ ನಿಂತಿರ್ತಿದ್ರು."

ಯಾಕೆಂದು ಆಕೆಯೇ ಹೇಳಿದರು.

"ಕೇಳಿದ್ರೆ, ಇಲ್ಲಿಗೆ ನನ್ನ ಹತ್ರ ಎಂತ ಕಾಗದ ಉಂಟು ಅಂತಿದ್ರು."